ಲಿಗೂರಿಯಾದ ಗೋಡೆಗೆ ಔಸೇಪ್ ಮಾಷ್ ಮೆತ್ತಿದ ಮಣ್ಣು

ನಮ್ಮ ಕೆಳಗಿನ ಮನೆಯ ಮೇರಿ ಚೇಚಿ ನವೆಂಬರ್ ಬಂತೆಂದರೆ ದ್ರಾಕ್ಷಿಯನ್ನು ಭರಣಿಗೆ ಹಾಕುತ್ತಾರೆ. ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ನಾಲ್ಕು ಲವಂಗ. ದಿನಕ್ಕೊಮ್ಮೆ ಬಾಯಿಬಟ್ಟೆ ಬಿಚ್ಚಿ, ಮರದ ಸೌಟಿನಿಂದ ತಿರುವಿ, ಮತ್ತೆ ಕಟ್ಟುತ್ತಾರೆ. ಕ್ರಿಸ್‌ಮಸ್ಸಿಗೆ ಸೋಸುವ ವೈನು ಅದು. ತಿರುವನಂತಪುರದ ಈ ಹಳೆಯ ಕಟ್ಟಡದಲ್ಲಿ ಯಾರ ಮನೆಯ ಒಲೆಯ ಮೇಲೆ ಏನಿದೆ ಎಂಬುದು ಮೊದಲು ಮೆಟ್ಟಿಲಿಗೆ ಗೊತ್ತಾಗುತ್ತದೆ. ಹುಳಿ, ಸಿಹಿ, ಅದರ ಹಿಂದೆ ಲವಂಗದ ಘಾಟು. ನನ್ನ ಮಗಳು ಮೂಗು ಹಿಡಿದು ಮಲಯಾಳದಲ್ಲಿ ಏನೋ ಗೊಣಗಿ ಮೇಲೆ ಓಡುತ್ತಾಳೆ. ನಾನು ತರಕಾರಿ ಚೀಲ ಹಿಡಿದು ಅಲ್ಲೇ ನಿಂತುಬಿಡುತ್ತೇನೆ. ಪ್ರತಿ ವರ್ಷವೂ ಹೀಗೆಯೇ. ಆ ವಾಸನೆ ನನ್ನನ್ನು ಎರಡು ಸಾವಿರದ ಆರನೆಯ ಇಸವಿಗೆ ಎಳೆದುಕೊಂಡು ಹೋಗುತ್ತದೆ. ಹೋಗಬೇಕು ಅನ್ನಿಸುವ ವರ್ಷವಲ್ಲ ಅದು.

ಆಗ ನನಗೆ ಇಪ್ಪತ್ತಮೂರು. ಕಾಸರಗೋಡಿನ ಬದಿಯಡ್ಕದ ಹತ್ತಿರದ ನಮ್ಮೂರಿನಿಂದ ಕೊಚ್ಚಿಗೆ ಬಂದು ಎಂಟು ತಿಂಗಳಾಗಿತ್ತು. ನಮ್ಮ ಆಫೀಸು ಮಟ್ಟಾಂಚೇರಿಯಲ್ಲಿ, ಒಂದು ಹಳೆಯ ಗೋದಾಮಿನ ಮಹಡಿಯಲ್ಲಿ. ಕೆಳಗೆ ಒಣಶುಂಠಿ, ಕರಿಮೆಣಸಿನ ಮೂಟೆ. ಮೇಲೆ ಹನ್ನೆರಡು ಕಂಪ್ಯೂಟರು. ಮಧ್ಯಾಹ್ನ ಕೆಳಗೆ ಮೂಟೆ ಬಿಚ್ಚಿದರೆ ಮೇಲೆ ಹನ್ನೆರಡು ಜನ ಒಟ್ಟಿಗೆ ಸೀನುತ್ತಿದ್ದೆವು. ಹೊರದೇಶದ ಪ್ರವಾಸಿ ವೆಬ್‌ಸೈಟುಗಳಿಗೆ ಲೇಖನ ಬರೆದುಕೊಡುವುದು ನಮ್ಮ ಕೆಲಸ. ಯಾವ ಊರು ಕೇಳಿದರೆ ಆ ಊರು. ಬೆಳಗ್ಗೆ ನಾರ್ವೆ, ಊಟವಾದ ಮೇಲೆ ಪೆರು. ಬರೆಯುವವರಲ್ಲಿ ಯಾರೂ ಕೊಯಮತ್ತೂರಿನಾಚೆ ಹೋದವರಲ್ಲ. ನಾನು ಬರೆಯುವವಳಲ್ಲ, ಬರೆದದ್ದನ್ನು ನೋಡಿ ಟಿಕ್ ಹಾಕುವವಳು. ನನ್ನ ಟಿಕ್ ಬಿದ್ದರೆ ಲೇಖನ ತಿರುವನಂತಪುರದ ಹೆಡ್ಡಾಫೀಸಿಗೆ, ಅಲ್ಲಿಂದ ಕಡಲಾಚೆಗೆ.

ಔಸೇಪ್ ಮಾಷ್ ಆ ಗುಂಪಿನಲ್ಲಿ ಒಬ್ಬರೇ ನರೆಗೂದಲಿನವರು. ಸರಕಾರಿ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಮಿಕ್ಕವರು ಅವರ ಬೆನ್ನ ಹಿಂದೆ 'ಅಟ್ಲಾಸ್' ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಒಂದು ದಿನ ನಾನು ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡಿ ಮುಗಿಸುವುದನ್ನೇ ಕಾದು ಕುಳಿತಿದ್ದರು.

"ಎಂತ ಮಾರಾಯ್ತಿ, ಬದಿಯಡ್ಕವಾ ನಿನಗೆ?"

ನಾನು ದಂಗಾದೆ. ಕೊಚ್ಚಿಯಲ್ಲಿ ನನ್ನನ್ನು ಯಾರೂ ಮಾರಾಯ್ತಿ ಎಂದು ಕರೆದಿರಲಿಲ್ಲ.

"ಒಂಬತ್ತು ವರ್ಷ ಅಲ್ಲಿ ಮಾಷ್ ಆಗಿದ್ದೆ. ಕಾಸರಗೋಡಿಗೆ ಹಾಕಿದಾಗ ನನ್ನ ಹೆಂಡತಿ ರೋಸಮ್ಮ ಅತ್ತದ್ದು ನೋಡಬೇಕಿತ್ತು. ಗಲ್ಫಿಗೆ ಹೋದರೂ ಅಷ್ಟು ಅಳುತ್ತಿರಲಿಲ್ಲ. ನನಗೆ ಕನ್ನಡ ಕಲಿಸಿದ್ದು ನಾಲ್ಕನೇ ಕ್ಲಾಸಿನ ಮಕ್ಕಳು. ಹಾಗಾಗಿ ನನ್ನ ಕನ್ನಡಕ್ಕೆ ಇನ್ನೂ ಒಂಬತ್ತು ವರ್ಷವೇ ಪ್ರಾಯ."

ಅಂದಿನಿಂದ ನಾನು ಅವರಿಗೆ ಒಮ್ಮೆ ಮಾರಾಯ್ತಿ, ಒಮ್ಮೆ ಮೋಳೆ. ಮಗಳೇ ಎಂದು ಕರೆಯುವ ಅಲ್ಲಿಯ ಮಾತು ಅದು. ನಾನು ಕನ್ನಡ ಕಲಿತದ್ದು ಅಜ್ಜ ಅಜ್ಜಿಯರ ಬಾಯಿಂದ. ಆ ಕನ್ನಡಕ್ಕೆ ಕೊಚ್ಚಿಯಲ್ಲಿ ಒಂದು ಜೊತೆ ಸಿಕ್ಕಿತು.

ಮಾಷ್ ಮನೆ ಕಡಮಕ್ಕುಡಿಯ ದ್ವೀಪವೊಂದರಲ್ಲಿ. ಎರಡು ದೋಣಿ, ಒಂದು ಬಸ್ಸು ಹತ್ತಿ ಆಫೀಸಿಗೆ ಬರುತ್ತಿದ್ದರು. ಅಲ್ಲಿ ಅವರಿಗೆ ಎರಡೆಕರೆ ಪೊಕ್ಕಾಳಿ ಗದ್ದೆ. ಪೊಕ್ಕಾಳಿ ಎಂದರೆ ಉಪ್ಪುನೀರಿನ ನೆಲದಲ್ಲಿ ಬೆಳೆಯುವ ಭತ್ತ. ಬೇಸಗೆಯಲ್ಲಿ ಗದ್ದೆಗೆ ಹಿನ್ನೀರು ಬಿಟ್ಟು ಸಿಗಡಿ ಹಿಡಿಯುತ್ತಾರೆ. ಮಳೆ ಬರುವ ಮೊದಲು ನೀರು ಹೊರಹಾಕಿ, ಕಟ್ಟೆಗೆ ಹೊಸ ಮಣ್ಣು ಮೆತ್ತಿ ಭದ್ರ ಮಾಡುತ್ತಾರೆ. ಮಳೆ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ಆ ಮಣ್ಣು ದಡದಲ್ಲಿ ಸಿಕ್ಕುವುದಲ್ಲ. ಗದ್ದೆಯ ಪಕ್ಕದ ಕಾಲುವೆಯ, ಆ ತೋಡಿನ ತಳಕ್ಕೆ ಮುಳುಗಿ, ಕೈಯಿಂದ ಜಿಗುಟು ಮಣ್ಣಿನ ಹೆಂಟೆ ಕಿತ್ತು, ತಲೆಯ ಮೇಲಿಟ್ಟು ಏಳಬೇಕು. ಹಾಗೆ ಮುಳುಗುವವರೆಲ್ಲ ಏಲೂರಿನ ಕಾರ್ಖಾನೆಗಳಿಗೆ ಹೋಗಿಯಾಗಿತ್ತು. ಅಕ್ಕಪಕ್ಕದವರು ಭತ್ತ ಬಿಟ್ಟು ವರ್ಷವಿಡೀ ಸಿಗಡಿಗೆಂದೇ ನೀರು ನಿಲ್ಲಿಸುತ್ತಿದ್ದರು. ಆ ನೀರೆಲ್ಲ ಒತ್ತುವುದು ಮಾಷ್ ಕಟ್ಟೆಯನ್ನು. ಕಟ್ಟೆ ಒಮ್ಮೆ ಬಾಯಿಬಿಟ್ಟರೆ ಬೆಳೆ ಮಾತ್ರವಲ್ಲ, ಗದ್ದೆಯೇ ಹೋಯಿತು. ಅಪ್ಪನ ಕಾಲದಿಂದ ಉಳಿಸಿಕೊಂಡು ಬಂದ ಬೀಜವೂ ಹೋಯಿತು.

"ಪೆನ್ಶನ್ ರೋಸಮ್ಮನಿಗೆ, ಈ ಸಂಬಳ ಕಟ್ಟೆಗೆ" ಎನ್ನುತ್ತಿದ್ದರು. "ಮುಳುಗುವವರು ಈಗ ಇಬ್ಬರೇ ಉಳಿದದ್ದು. ಚಿನ್ನದ ಕೆಲಸದವರಿಗಿಂತ ಅವರಿಗೆ ಬೆಲೆ ಜಾಸ್ತಿ."

ಮಾರ್ಚ್ ತಿಂಗಳಲ್ಲಿ ಅವರ ಪಾಲಿಗೆ ಬಂದದ್ದು ಇಟಲಿಯ ಲಿಗೂರಿಯಾ. ಕರಾವಳಿಯ ವೈನ್ ಪ್ರದೇಶ, ಅದರ ಆರ್ಥಿಕತೆ, ಒಂದು ಪಕ್ಷಿನೋಟ: ಹೀಗೆ ಬಂದಿತ್ತು ಬೇಡಿಕೆ. ಮಾಷ್ ಎರಡು ದಿನದಲ್ಲಿ ಮುಗಿಸಬೇಕಾದ್ದಕ್ಕೆ ಎರಡು ವಾರ ಹಿಡಿದರು. ಊಟದ ಹೊತ್ತಿಗೆ ಡಬ್ಬಿ ತೆರೆದಿಟ್ಟುಕೊಂಡು ನನಗೆ ಪಾಠ ಮಾಡುತ್ತಿದ್ದರು. ಹಿಂದೆ ಬೆಟ್ಟ, ಮುಂದೆ ಕಡಲು, ನಡುವೆ ಬಿಲ್ಲಿನ ಹಾಗೆ ಬಾಗಿದ ಒಂದು ಪಟ್ಟಿ ನೆಲ. ಸಮತಟ್ಟು ಜಾಗವೇ ಇಲ್ಲ. ಹಾಗಾಗಿ ಕಡಲಿಗೆ ಇಳಿಯುವ ಗುಡ್ಡವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮೆಟ್ಟಿಲಿಗೊಂದು ಕಲ್ಲಿನ ಗೋಡೆ ಕಟ್ಟಿ, ಅದರ ಮೇಲೆ ದ್ರಾಕ್ಷಿ ಬಳ್ಳಿ ಹಬ್ಬಿಸಿದ್ದಾರೆ. ಕೊಯ್ದ ದ್ರಾಕ್ಷಿಯನ್ನು ಬುಟ್ಟಿಯಲ್ಲಿ ಹೊತ್ತೇ ಸಾಗಿಸಬೇಕಿತ್ತು. ಈಗ ಕೆಲವೆಡೆ ಒಂದೇ ಕಂಬಿಯ ಮೇಲೆ ತೆವಳುವ ಪುಟ್ಟ ಗಾಡಿ ಉಂಟು. ಗೊಂಚಲನ್ನು ನೆರಳಲ್ಲಿ ಒಣಗಿಸಿ ಮಾಡುವ ಸಿಹಿ ವೈನು ಬಲು ಹೆಸರುವಾಸಿ, ಆದರೆ ಸಿಕ್ಕುವುದು ಸ್ವಲ್ಪವೇ.

"ಆದರೆ ಹೊಟ್ಟೆ ತುಂಬಿಸುವುದು ವೈನಲ್ಲ, ಬಂದರು. ಜೆನೋವಾದಲ್ಲಿ ಹಡಗು, ಉಕ್ಕು. ಲಾ ಸ್ಪೆಜಿಯಾದಲ್ಲಿ ನೌಕಾಪಡೆಯ ದೊಡ್ಡ ಕಾರ್ಖಾನೆ. ತಿಂಗಳ ಸಂಬಳ ಬಂದ ಮೇಲೆ ಗುಡ್ಡದಲ್ಲಿ ಕಲ್ಲು ಹೊರುವವರು ಯಾರು, ಹೇಳು? ಗಂಡಸರೆಲ್ಲ ಇಳಿದು ಹೋದರು. ಗೋಡೆ ಜರಿಯುತ್ತದೆ, ಗೋಡೆಯ ಹಿಂದೆ ಬಳ್ಳಿ, ಬಳ್ಳಿಯ ಹಿಂದೆ ಗುಡ್ಡ. ಈಗ ಟೂರಿಸ್ಟರು ಬಂದು ಅದರ ಫೋಟೋ ತೆಗೆಯುತ್ತಾರೆ."

"ಮಾಷೇ, ಏಲೂರು ಅಂತಲೇ ಬರೆಯಿರಿ" ಎಂದೆ.

"ಬರೆಯಬಹುದಿತ್ತು. ಕ್ರಿಸ್ತನಾಣೆ, ಹೆಸರು ಬದಲಾಯಿಸಿದರೆ ಸಾಕಿತ್ತು."

ಪಕ್ಕದ ಮೇಜಿನ ಹುಡುಗಿಯೊಬ್ಬಳು, "ಮಾಷ್ ವೈನ್ ಬಗ್ಗೆ ಇಷ್ಟು ಬರೆಯುತ್ತೀರಲ್ಲ, ಕುಡಿದದ್ದುಂಟಾ?" ಎಂದು ಕೆಣಕಿದಳು. ಮರುದಿನ ಅವರು ಹಾರ್ಲಿಕ್ಸ್ ಬಾಟಲಿಯಲ್ಲಿ ರೋಸಮ್ಮನ ಕ್ರಿಸ್‌ಮಸ್ ವೈನು ತಂದರು. ಎಲ್ಲರಿಗೂ ಒಂದೊಂದು ಮುಚ್ಚಳ. ಲವಂಗ ನಾಲಿಗೆಗೆ ಹತ್ತಿತು. ಲಿಗೂರಿಯಾ ಎಂದರೆ ನನಗೆ ಈಗಲೂ ಆ ರುಚಿಯೇ.

ಮಾಷ್ ಪರದೆಯ ಮೇಲೆ ಓದುವುದನ್ನು ಓದು ಎಂದೇ ಎಣಿಸುತ್ತಿರಲಿಲ್ಲ. ಪ್ರಿಂಟ್ ತೆಗೆದು ಪೆನ್ಸಿಲಿನಲ್ಲಿ ತಿದ್ದಿ ನನಗೆ ಕೊಡುತ್ತಿದ್ದರು. ಲಿಗೂರಿಯಾ ಕೈಗೆ ಬಂದದ್ದು ಏಪ್ರಿಲಿನ ವಿಷು ಹಬ್ಬಕ್ಕೆ ಎರಡು ದಿನ ಮೊದಲು. ನಾನು ಊರಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಮೂರನೆಯ ಹಾಳೆಯಲ್ಲಿ ಒಂದು ವಾಕ್ಯದ ಪಕ್ಕ ಅವರು ಪ್ರಶ್ನೆಚಿಹ್ನೆ ಹಾಕಿದ್ದರು. ಪ್ರತಿ ವರ್ಷ ಮಳೆಗೆ ಮೊದಲು ಬೆಳೆಗಾರರು ಕಡಲಿಗೆ ಮುಳುಗಿ ಜಿಗುಟು ಮಣ್ಣು ತಂದು ಗೋಡೆಗಳಿಗೆ ಹೊಸದಾಗಿ ಮೆತ್ತುತ್ತಾರೆ ಎಂಬ ವಾಕ್ಯ.

"ಇದೊಂದು ನೋಡು ಮೋಳೆ. ಗೋಡೆಗೆ ಮಣ್ಣು ಎಲ್ಲಿಂದ ತರುತ್ತಾರೆ ಅಂತ ಎಲ್ಲಿ ಹುಡುಕಿದರೂ ಸಿಕ್ಕಲಿಲ್ಲ. ಕಡಲ ಪಕ್ಕದವರು ಇನ್ನೆಲ್ಲಿಂದ ತಂದಾರು ಅಂತ ಬರೆದುಬಿಟ್ಟೆ. ನೀನು ಸರಿಯಾಗಿ ನೋಡಿ ಹೇಳು. ಇಲ್ಲದಿದ್ದರೆ ತೆಗೆದುಬಿಡು."

"ಆಯ್ತು ಮಾಷೇ, ನೋಡುತ್ತೇನೆ."

ನೋಡಲಿಲ್ಲ. ರೈಲಿಗೆ ಒಂದು ಗಂಟೆ ಇತ್ತು. ಟಿಕ್ ಹಾಕಿದೆ. ಹಾಳೆಗಳನ್ನು ಮಡಚಿ ಚೀಲಕ್ಕೆ ತುರುಕಿದೆ. ರಜೆ ಮುಗಿಸಿ ಬಂದಾಗ ಮಾಷ್ ಕೇಳಿದರು, "ಸರಿ ಇತ್ತಾ?" "ಸರಿ ಇತ್ತು" ಎಂದೆ. ಅವರಿಗೆ ಎಷ್ಟು ಖುಷಿ! ಆ ದಿನವೆಲ್ಲ ಸಿಕ್ಕಿದವರಿಗೆಲ್ಲ ಹೇಳಿದರು, ಇಟಲಿಯಲ್ಲೂ ನಮ್ಮ ಹಾಗೆಯೇ ಮುಳುಗುತ್ತಾರಂತೆ ಎಂದು.

ಜೂನಿನಲ್ಲಿ ಪತ್ರ ಬಂತು. ಲಿಗೂರಿಯಾದ ಒಬ್ಬ ಮುದುಕಿ, ದ್ರಾಕ್ಷಿ ಬೆಳೆಯುವವಳು, ವೆಬ್‌ಸೈಟಿಗೆ ಬರೆದಿದ್ದಳು. ಸಿಟ್ಟಿರಲಿಲ್ಲ ಅದರಲ್ಲಿ. ನಮ್ಮಲ್ಲಿ ಮಣ್ಣಿಗಾಗಿ ಯಾರೂ ಎಂದೂ ಕಡಲಿಗೆ ಮುಳುಗಿದ್ದಿಲ್ಲ. ನಮ್ಮ ಗೋಡೆಗಳಿಗೆ ಮಣ್ಣು ಮೆತ್ತುವುದೇ ಇಲ್ಲ. ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಮಳೆಯ ನೀರು ಸಂದಿನಿಂದ ಹರಿದುಹೋಗಲೆಂದೇ ಹಾಗೆ ಕಟ್ಟುವುದು. ಮೆತ್ತಿದರೆ ನೀರು ಹಿಂದೆ ತುಂಬಿ ಗೋಡೆ ಸಿಡಿದು ತೋಟವೆಲ್ಲ ಕಡಲ ಪಾಲು. ಇದನ್ನು ಯಾರು ಬರೆದರು, ಯಾರು ಓದಿ ಒಪ್ಪಿದರು? ಅದೇ ಪ್ರಶ್ನೆಯನ್ನು ವೆಬ್‌ಸೈಟಿನವರು ಹೆಡ್ಡಾಫೀಸಿಗೆ ಕೇಳಿದರು, ಕೆಲಸವನ್ನೇ ಬೇರೆಯವರಿಗೆ ಕೊಡುತ್ತೇವೆ ಎಂಬ ಮಾತಿನ ಜೊತೆ. ಹೆಡ್ಡಾಫೀಸು ನಮ್ಮಿಬ್ಬರನ್ನೂ ಬರಹೇಳಿತು.

ಎರ್ನಾಕುಳಂನಿಂದ ಬೆಳಗಿನ ರೈಲು. ಕಿಟಕಿಯ ಕಬ್ಬಿಣದ ಪರದೆ ಎಳೆದಿದ್ದರೂ ಮಳೆ ಒಳಗೆ ಬರುತ್ತಿತ್ತು. ತಿಂಡಿಯ ಪೊಟ್ಟಣವನ್ನು ಬಿಚ್ಚದೆ ಹಾಗೆಯೇ ಮಡಿಲಲ್ಲಿ ಇಟ್ಟುಕೊಂಡಿದ್ದೆ. ನನ್ನ ಕೆಲಸ ಖಾಯಂ ಆಗಬೇಕಾದ ತಿಂಗಳು ಅದೇ. ಮಾಷ್ ಮಾತ್ರ ಪತ್ರದ ಪ್ರತಿಯನ್ನು ಮೂರನೆಯ ಸಲ ಓದುತ್ತಿದ್ದರು.

"ನೋಡು ಮಾರಾಯ್ತಿ, ನೀರು ಹೋಗಲಿ ಅಂತ ಕಟ್ಟುವ ಗೋಡೆ! ನಮ್ಮದು ನೀರು ಬಾರದಿರಲಿ ಅಂತ. ಇಷ್ಟು ವರ್ಷ ಭೂಗೋಳ ಕಲಿಸಿದೆ, ಇದು ಹೊಳೆಯಲೇ ಇಲ್ಲ. ಆ ಅಮ್ಮನಿಗೆ ಒಂದು ಕಾಗದ ಬರೆಯಬೇಕು."

"ಮಾಷೇ, ಅಲ್ಲಿ ಎಂತ ಹೇಳುವುದು?"

"ಇದ್ದದ್ದು ಹೇಳುವುದು. ನಾನು ಕೇಳಿದೆ, ನೀನು ನೋಡಿದೆ, ಇಬ್ಬರಿಗೂ ಗೊತ್ತಾಗಲಿಲ್ಲ. ಬೈಯುತ್ತಾರೆ, ಬೈಯಲಿ. ನಾನು ಎಷ್ಟು ಇನ್ಸ್‌ಪೆಕ್ಟರುಗಳ ಬೈಗುಳ ತಿಂದವನು ಗೊತ್ತುಂಟಾ?"

ನಾನು ನೋಡಲೇ ಇಲ್ಲ ಎಂಬುದು ಅವರಿಗೆ ಆಗಲೂ ತಿಳಿದಿರಲಿಲ್ಲ. ಪೆನ್ಸಿಲಿನ ಪ್ರಶ್ನೆಚಿಹ್ನೆಯಿದ್ದ ಹಾಳೆ ನನ್ನ ಚೀಲದಲ್ಲೇ ಇತ್ತು.

ಹೆಡ್ಡಾಫೀಸಿನ ಕೋಣೆಯಲ್ಲಿ ಎ.ಸಿ. ಹಾಕಿದ್ದರು. ನೆನೆದ ಬಟ್ಟೆಯಲ್ಲಿ ಇಬ್ಬರೂ ನಡುಗುತ್ತ ಕುಳಿತೆವು. ಮೇಜಿನಾಚೆಯ ವ್ಯವಸ್ಥಾಪಕರು ನನ್ನನ್ನು ಮೊದಲು ಕೇಳಿದರು. ಈ ವಾಕ್ಯ ನೀವು ಓದಿದ್ದಿರಾ? ಅನುಮಾನ ಬರಲಿಲ್ಲವೇ?

ನನ್ನ ಬಾಯಿಂದ ಬಂದದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ. "ಬಂದಿತ್ತು ಸರ್. ನಾನು ಇವರನ್ನು ಕೇಳಿದೆ. ತನಗೆ ಗೊತ್ತಿದೆ, ಸರಿಯಾಗಿದೆ ಎಂದರು. ಹಿರಿಯರು ಎಂದು ಬಿಟ್ಟೆ."

ಮಾಷ್ ನನ್ನ ಕಡೆ ತಿರುಗಿದರು. ತುಂಬಾ ಹೊತ್ತೇನೂ ನೋಡಲಿಲ್ಲ. ಕಾಪಿ ಹೊಡೆದು ಸಿಕ್ಕಿಬಿದ್ದ ಮಗುವನ್ನು ನೋಡುವ ನೋಟ ಅದು. ಆಮೇಲೆ ಮೇಜಿನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಹೌದು, ಅವಳು ಕೇಳಿದ್ದಳು. ನಾನೇ ಹಟ ಮಾಡಿದೆ" ಎಂದರು.

ಮಧ್ಯಾಹ್ನದೊಳಗೆ ಮುಗಿಯಿತು. ಅವರು ನಾಳೆಯಿಂದ ಬರಬೇಕಾಗಿಲ್ಲ. ನಾನು ಹಿಂದಿರುಗಿ ಆ ವಾಕ್ಯ ತಿದ್ದಬೇಕು.

ತಂಪಾನೂರಿನ ಸ್ಟೇಷನ್ನಿಗೆ ಬಂದಾಗ ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಬಸ್ ನಿಲ್ದಾಣದ ಎದುರಿನ ಚಹಾದಂಗಡಿಗೆ ಮಾಷ್ ಕರೆದುಕೊಂಡು ಹೋದರು. ರಸ್ತೆಯಲ್ಲಿ ಮೊಣಕಾಲೆತ್ತರ ಕೆಂಪು ನೀರು. ಎರಡು ಚಹಾ, ಎರಡು ಪಳಂಪೊರಿ ಹೇಳಿದರು. ಬಿಸಿ ಬಾಳೆಹಣ್ಣಿನ ಆ ಕರಿದ ತಿಂಡಿಯನ್ನು ನನ್ನ ಕಡೆ ತಳ್ಳಿ, "ತಿನ್ನು, ಬೆಳಗ್ಗಿನಿಂದ ಏನೂ ತಿಂದಿಲ್ಲ ನೀನು" ಎಂದರು.

"ಮಾಷೇ..."

"ಬೇಡ. ನಿನಗೆ ಮುಂದೆ ಎಷ್ಟು ವರ್ಷ ಉಂಟು. ನನಗೆ ಈ ಕಟ್ಟೆ ಒಂದೇ."

ಅಷ್ಟು ಹೇಳಿ ಚಹಾ ಕುಡಿದರು. ಬೈದಿದ್ದರೆ ಒಳ್ಳೆಯದಿತ್ತು. ನಾನು ತಿಂದೆ, ನಾಚಿಕೆಯಿಲ್ಲದೆ ಎರಡೂ ತಿಂದೆ.

ಜುಲೈನಲ್ಲಿ ಮಳೆ ಇನ್ನೂ ಜೋರಾಯಿತು. ಅವರು ಆಫೀಸಿನಲ್ಲಿ ಬಿಟ್ಟುಹೋಗಿದ್ದ ಅಟ್ಲಾಸ್ ಕೊಡುವ ನೆಪ ಮಾಡಿಕೊಂಡು ಒಂದು ಭಾನುವಾರ ಕಡಮಕ್ಕುಡಿಗೆ ಹೋದೆ. ಅಟ್ಲಾಸಿನೊಳಗೆ ಆ ಪೆನ್ಸಿಲ್ ಹಾಳೆ ಇಟ್ಟಿದ್ದೆ. ಮನೆಯಲ್ಲಿ ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ರೋಸಮ್ಮ ಕೊಡೆ ಹಿಡಿದು ನಿಂತು ತೋಡಿನ ಕಡೆ ನೋಡಿ ಬೈಯುತ್ತಿದ್ದರು. ಅವರು ಬೈಯುತ್ತಿದ್ದ ಕಡೆ ಬರೀ ನೀರು. ಎರಡು ಮೂರು ಉಸಿರಿನಷ್ಟು ಹೊತ್ತಾದ ಮೇಲೆ ನೀರು ಒಡೆದು ಒಂದು ತಲೆ ಎದ್ದಿತು, ತಲೆಯ ಮೇಲೆ ಕಪ್ಪು ಮಣ್ಣಿನ ಹೆಂಟೆ, ಅದರ ಕೆಳಗೆ ಮಾಷ್.

"ಬಂದೆಯಾ ಮಾರಾಯ್ತಿ! ನೋಡು, ಲಿಗೂರಿಯಾದಲ್ಲಿ ಮುಳುಗದವರು ಇಲ್ಲಿ ಮುಳುಗುತ್ತಿದ್ದಾರೆ!"

ಕೂಲಿಗೆ ಹೇಳಿದ್ದ ಇಬ್ಬರು ಬಂದಿರಲಿಲ್ಲ. ಮಾಷ್ ಸಂಬಳ ನಿಂತ ಮೇಲೆ ಅವರು ಹೇಗೆ ಬರುತ್ತಾರೆ? ನೆರೆಯವರ ಕಡೆಯ ಹತ್ತು ಮಾರು ಕಟ್ಟೆ ಮೆತ್ತಗಾಗಿ ಬೆವರುತ್ತಿತ್ತು. ಅದರಾಚೆ ಪಕ್ಕದ ಸಿಗಡಿ ಕೆರೆಯ ನೀರು ನನ್ನ ಸೊಂಟದೆತ್ತರಕ್ಕೆ ನಿಂತಿತ್ತು; ಈಚೆ, ಒಳಗೆ, ಒಂದು ಗೇಣಿನ ಹಸಿರು ಪೈರು.

ರೋಸಮ್ಮ ನನ್ನ ಕೈ ಹಿಡಿದರು. ಅವರದು ಮಲಯಾಳ. "ಮೋಳೆ, ನೀನಾದರೂ ಹೇಳು ಈ ಮನುಷ್ಯನಿಗೆ. ಕುರ್ಚಿ ಇತ್ತು, ತಲೆಯ ಮೇಲೆ ಫ್ಯಾನು ಇತ್ತು. ಬೇಜಾರಾಯಿತು ಅಂತ ಬಿಟ್ಟು ಬಂದು ಈ ಪ್ರಾಯದಲ್ಲಿ ಮಣ್ಣು ಹೊರುತ್ತಾನೆ! ಯಾರಾದರೂ ಹಾಗೆ ಬಿಡುತ್ತಾರಾ?"

ನಾನು ಮಾಷ್ ಕಡೆ ನೋಡಿದೆ. ಅವರು ಹೆಂಟೆಯನ್ನು ಕಟ್ಟೆಗೆ ಒತ್ತುತ್ತ, ತಲೆಯೆತ್ತದೆ, ರೋಸಮ್ಮನಿಗೆ ತಿಳಿಯದ ಕನ್ನಡದಲ್ಲಿ ಹೇಳಿದರು.

"ನಾನೇ ಬಿಟ್ಟೆ ಅಂತ ಹೇಳಿದ್ದೇನೆ. ಮಾಷ್ ತಪ್ಪು ಬರೆದ, ಕೆಲಸದಿಂದ ಕಳುಹಿಸಿದರು ಅಂದರೆ ಇವಳು ತಡೆದುಕೊಳ್ಳುವುದಿಲ್ಲ. ಊರಲ್ಲಿ ಅರ್ಧ ಜನ ನನ್ನ ಕ್ಲಾಸಿನಲ್ಲಿ ಕೂತವರು. ನೀನೂ ಹಾಗೆಯೇ ಹೇಳು. ಆಯ್ತಾ?"

"ಎಂತ ಹೇಳಿದ್ದು ಇವನು?" ಎಂದರು ರೋಸಮ್ಮ.

"ಮಳೆ ಜೋರಾಗುತ್ತದಂತೆ" ಎಂದೆ.

ಮಾಷ್ ಬಲಗಾಲಿನ ಹಿಮ್ಮಡಿಯಲ್ಲಿ ಚಿಪ್ಪು ಕೊಯ್ದ ಗಾಯವಿತ್ತು. ಅದಕ್ಕೊಂದು ಬಟ್ಟೆ ಕಟ್ಟಿ ಮತ್ತೆ ಮುಳುಗಿದರು. ಅಟ್ಲಾಸ್ ಕೊಟ್ಟು ಬಂದೆ. ಹಾಳೆಯನ್ನು ಅದರೊಳಗಿನಿಂದ ತೆಗೆದು ಮತ್ತೆ ಚೀಲಕ್ಕೆ ಹಾಕಿಕೊಂಡಿದ್ದೆ.

ಎರಡು ವಾರವಾದ ಮೇಲೆ ಮಾಷ್ ಫೋನು ಮಾಡಿದರು. "ಕಟ್ಟೆ ನಿಂತಿತು ಮೋಳೆ. ಅಮಾವಾಸ್ಯೆಯ ಉಬ್ಬರಕ್ಕೂ ಜಗ್ಗಲಿಲ್ಲ." ಧ್ವನಿ ಒಡೆದಿತ್ತು. ಸ್ವಲ್ಪ ಜ್ವರ, ಮೀನಖಂಡ ಸೆಳೆಯುತ್ತದೆ, ಮಣ್ಣು ಹೊತ್ತದ್ದಕ್ಕೆ ಇರಬೇಕು ಎಂದರು. ಅದು ಇಲಿಜ್ವರ. ಮಳೆಗಾಲದಲ್ಲಿ ಗದ್ದೆನೀರಿನಿಂದ ಗಾಯದೊಳಗೆ ಹೋಗುವ ರೋಗ. ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಒಯ್ದರು. ಆರನೆಯ ದಿನ ತೀರಿಕೊಂಡರು. ನಾನು ಆ ದಿನ ಆಫೀಸಿನಲ್ಲಿ ಇನ್ಯಾವುದೋ ದೇಶಕ್ಕೆ ಟಿಕ್ ಹಾಕುತ್ತಿದ್ದೆ. ನನ್ನ ಕೆಲಸ ಖಾಯಂ ಆಗಿತ್ತು.

ಲಿಗೂರಿಯಾದ ಪುಟದಲ್ಲಿ ಒಂದು ವಾಕ್ಯ ಮಾತ್ರ ಬದಲಾಗಿತ್ತು. ಗೋಡೆಗಳಿಗೆ ಮಣ್ಣು ಬಳಸುವುದಿಲ್ಲ, ನೀರು ಹರಿದುಹೋಗಲು ಕಲ್ಲುಗಳ ನಡುವೆ ಸಂದು ಬಿಡುತ್ತಾರೆ. ಅದು ನಾನು ಬರೆದದ್ದು. ಮಿಕ್ಕದ್ದೆಲ್ಲ ಮಾಷ್ ಬರೆದದ್ದೇ. ಗಂಡಸರು ಇಳಿದು ಹೋದದ್ದು, ಗೋಡೆಯ ಹಿಂದೆ ಬಳ್ಳಿ, ಬಳ್ಳಿಯ ಹಿಂದೆ ಗುಡ್ಡ.

ಅಕ್ಟೋಬರಿನಲ್ಲಿ ಕೊಯ್ಲಾಯಿತು. ಕಟ್ಟೆ ಅಲ್ಲಿಯವರೆಗೂ ನಿಂತಿತ್ತು. ನವೆಂಬರ್ ಎರಡನೇ ತಾರೀಕು, ಸತ್ತವರಿಗಾಗಿ ಪ್ರಾರ್ಥಿಸುವ ದಿನ, ರೋಸಮ್ಮ ಹೇಳಿಕಳುಹಿಸಿದರು. ಈ ಸಲ ಅವರಿಗೆ ಎಲ್ಲ ಹೇಳಿಬಿಡಬೇಕೆಂದು ಗಟ್ಟಿ ಮನಸ್ಸು ಮಾಡಿದ್ದೆ. ಹಾಳೆ ಚೀಲದಲ್ಲಿತ್ತು. ಮಾಷ್ ಬೇಡವೆಂದಿದ್ದರು, ನಿಜ. ಆದರೆ ಅವರು ಬೇಡವೆಂದದ್ದು ತಮ್ಮ ತಪ್ಪನ್ನು ಹೇಳುವುದು ಬೇಡವೆಂದು, ನನ್ನದನ್ನಲ್ಲ. ದಾರಿಯುದ್ದಕ್ಕೂ ನನಗೆ ನಾನೇ ಹಾಗೆ ಹೇಳಿಕೊಂಡು ಹೋದೆ.

ಮನೆಯೊಳಗೆ ಭರಣಿಗೆ ದ್ರಾಕ್ಷಿ ಹಾಕಿಯಾಗಿತ್ತು. ಲವಂಗದ ವಾಸನೆ ಅಂಗಳಕ್ಕೇ ಬರುತ್ತಿತ್ತು. ಪಡಸಾಲೆಯಲ್ಲಿ ಹೊಸ ಭತ್ತದ ರಾಶಿ. ಮುಂದಿನ ವರ್ಷಕ್ಕೆ ಗದ್ದೆಯನ್ನು ಸಿಗಡಿಯವರಿಗೆ ಕೊಟ್ಟಾಯಿತು, ಇದೇ ಕೊನೆಯ ಅಕ್ಕಿ ಎಂದು ರೋಸಮ್ಮ ನನಗೊಂದು ಗಂಟು ಕಟ್ಟಿಟ್ಟಿದ್ದರು. ಚರ್ಚಿನ ಹಿಂದಿನ ಸ್ಮಶಾನಕ್ಕೆ ಇಬ್ಬರೂ ನಡೆದೆವು. ಹಸಿ ಮಣ್ಣಿನ ಮೇಲೆ ಮೇಣದ ಬತ್ತಿ ಊರಿ, ಗಾಳಿಗೆ ಆರದಂತೆ ಅಂಗೈ ಅಡ್ಡ ಹಿಡಿದು, ಅವರು ಪ್ರಾರ್ಥನೆ ಮುಗಿಸಿದರು. ಮುಗಿಸಿದವರೇ ಬೈಯಲು ತೊಡಗಿದರು.

"ಕುರ್ಚಿ ಇತ್ತಲ್ಲ ಮನುಷ್ಯಾ. ಫ್ಯಾನು ಇತ್ತಲ್ಲ. ಆಸ್ಪತ್ರೆಯಲ್ಲೂ ಕೇಳಿದೆ, ಯಾಕೆ ಬಿಟ್ಟೆ ಅಂತ. ಕಡೆಯ ಉಸಿರಿನವರೆಗೂ ಹೇಳಲಿಲ್ಲ. ನಗುತ್ತಾನೆ! ನಾನು ಬೈದು ಬೈದೇ ಕಳುಹಿಸಿಕೊಟ್ಟೆ ಮೋಳೆ, ಒಂದು ಒಳ್ಳೆಯ ಮಾತು ಆಡಲಿಲ್ಲ."

ನನ್ನ ಕೈ ಚೀಲದೊಳಗೆ ಇತ್ತು. ಹಾಳೆಯ ಮಡಿಕೆ ಬೆರಳಿಗೆ ತಾಗುತ್ತಿತ್ತು.

ಅವರು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ, ಬರೀ ಒಂದು ಹಟ. ತಾನು ಬೈದದ್ದು ತಪ್ಪಲ್ಲ ಎಂದು ಯಾರಾದರೊಬ್ಬರು ಹೇಳಬೇಕಿತ್ತು ಅವರಿಗೆ.

"ನೀನು ಜೊತೆಗೆ ಕೆಲಸ ಮಾಡಿದವಳು. ನೀನೇ ಹೇಳು. ಬಿಡಬಾರದಿತ್ತಲ್ಲ?"

"ಹೌದು ಅಮ್ಮಚ್ಚಿ" ಎಂದೆ. "ಬಿಡಬಾರದಿತ್ತು."

ರೋಸಮ್ಮ ಬಗ್ಗಿ, ಬತ್ತಿಯನ್ನು ಇನ್ನಷ್ಟು ಆಳಕ್ಕೆ ಒತ್ತಿ, ಸುತ್ತಲೂ ಮಣ್ಣು ಮೆತ್ತಿದರು.

"ಕೇಳಿತಾ ಮನುಷ್ಯಾ? ನಿನ್ನ ಕಾಸರಗೋಡಿನ ಹುಡುಗಿಯೂ ಅದನ್ನೇ ಹೇಳುತ್ತಿದ್ದಾಳೆ."